ಫಿಂಗರ್ ಲೇಕ್ಸ್ ಜಲಪಾತಗಳು: ಮಂಡಿ ನೋವಿರುವ ಅಮ್ಮ, ನಾಲ್ಕು ವರ್ಷದ ಮಗು, ಮೂರು ದಿನ. ಯಾವ ಪಾರ್ಕ್ ಇಟ್ಟುಕೊಳ್ಳೋದು, ಯಾವುದು ಬಿಡೋದು?

ರಾರಿಟನ್_ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯಲ್ಲಿ ನ್ಯೂಜೆರ್ಸಿಯ ಎಡಿಸನ್‌ನಿಂದ ಕಾರಲ್ಲಿ ಹೊರಟು ನ್ಯೂಯಾರ್ಕ್ ರಾಜ್ಯದಲ್ಲಿ ಫಿಂಗರ್ ಲೇಕ್ಸ್ ಅನ್ನೋ ಸರೋವರಗಳ ಸುತ್ತಮುತ್ತಲಿನ ಜಲಪಾತಗಳ ಕಡೆ ಹೋಗಬೇಕು ಅಂತಿದ್ದೀವಿ. ಶುಕ್ರವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್. ಬರೋರು ಐದು ಜನ: ನಾನು, ನನ್ನ ಹೆಂಡತಿ, ನಾಲ್ಕು ವರ್ಷದ ಮಗಳು, ಮತ್ತೆ ಶಿವಮೊಗ್ಗದಿಂದ ಬಂದಿರೋ ಅಪ್ಪ, ಅಮ್ಮ. ಅಪ್ಪನಿಗೆ 68, ದಿನಾ ನಡೀತಾರೆ, ತೊಂದರೆ ಇಲ್ಲ. ಅಮ್ಮನಿಗೆ 64, ಎಡಮಂಡಿ ಸವೆದಿದೆ. ಸಮತಟ್ಟು ಜಾಗದಲ್ಲಿ ಒಂದೂವರೆ ಮೈಲಿ ಆರಾಮಾಗಿ ನಡೀತಾರೆ, ಮೆಟ್ಟಿಲು ಕಂಡ್ರೆ ಮಾತ್ರ ಹೆದರ್ತಾರೆ.

ಸದ್ಯಕ್ಕೆ ಹಾಕಿರೋ ಪ್ಲಾನ್: ಶುಕ್ರವಾರ ನೇರವಾಗಿ ನಯಾಗರಾ. ಶನಿವಾರ ಬೆಳಿಗ್ಗೆ ಲೆಚ್‌ವರ್ತ್, ಸಂಜೆ ವಾಟ್ಕಿನ್ಸ್ ಗ್ಲೆನ್. ಭಾನುವಾರ ಇಥಾಕಾ ಸುತ್ತಮುತ್ತಲಿನ ಟಗ್ಯಾನಕ್, ಬಟರ್‌ಮಿಲ್ಕ್ ಫಾಲ್ಸ್ ನೋಡಿಕೊಂಡು ಮನೆಗೆ.

ಕೇಳಬೇಕಾಗಿರೋದು ಇಷ್ಟು. ಇದು ಆಗೋ ಮಾತಾ? ಅಮ್ಮ ಕಾರಲ್ಲೇ ಕೂತಿರೋ ಹಾಗಾಗದೆ ಅವರೂ ನಿಜವಾಗಿ ನೋಡೋಕೆ ಆಗೋ ಪಾರ್ಕ್ ಯಾವುದು? ವಾಟ್ಕಿನ್ಸ್ ಗ್ಲೆನ್‌ನಲ್ಲಿ ಮೇಲಿನ ಗೇಟಿಂದ ಇಳಿದು ಬಂದ್ರೆ ಸುಲಭ ಅಂತ ಕೆಲವರು ಹೇಳ್ತಾರೆ, ಹೌದಾ?

---

ಗ್ಲೆನ್_ಕ್ರೀಕ್

ಪ್ಲಾನ್ ಆಗೋದಿಲ್ಲ. ಮೊದಲು ನಯಾಗರಾ ತೆಗೆದುಹಾಕಿ. ಅದು ಇನ್ನೂ ಪಶ್ಚಿಮಕ್ಕಿದೆ. ಎಡಿಸನ್‌ನಿಂದ ಅಲ್ಲಿಗೆ ಹೋಗೋದರಲ್ಲೇ ಇಡೀ ಶುಕ್ರವಾರ ಮುಗಿಯುತ್ತೆ, ಭಾನುವಾರ ಇಥಾಕಾದಿಂದ ಮತ್ತೆ ನಾಲ್ಕು ಗಂಟೆ ಡ್ರೈವ್. ನಡುವಿನ ಒಂದೇ ದಿನದಲ್ಲಿ ಎರಡು ದೊಡ್ಡ ಪಾರ್ಕ್ ತುರುಕಿದರೆ ಎರಡನ್ನೂ ಪಾರ್ಕಿಂಗ್ ಲಾಟಿನಿಂದಲೇ ನೋಡಿದ ಹಾಗಾಗುತ್ತೆ. ನಯಾಗರಾ ಕೂಡ ಸ್ಟೇಟ್ ಪಾರ್ಕೇ, ಅದೂ 1885ರಷ್ಟು ಹಳೆಯದು, ಅದಕ್ಕೆ ಬೇರೆ ಒಂದು ವಾರಾಂತ್ಯ ಕೊಡಿ.

ಇನ್ನೊಂದು ವಿಷಯ ಅಪ್ಪ, ಅಮ್ಮನಿಗೆ ಮೊದಲೇ ಹೇಳಿಡಿ. ಶಿವಮೊಗ್ಗದವರಿಗೆ ಜಲಪಾತ ಅಂದ್ರೆ ಜೋಗ, 253 ಮೀಟರ್, ಅಂದ್ರೆ 830 ಅಡಿ. ಈ ಭಾಗದ ಅತಿ ಎತ್ತರದ ಟಗ್ಯಾನಕ್ 215 ಅಡಿ. ವಾಟ್ಕಿನ್ಸ್ ಗ್ಲೆನ್‌ನ ಅತಿ ಎತ್ತರದ ಸೆಂಟ್ರಲ್ ಕ್ಯಾಸ್ಕೇಡ್ ಸುಮಾರು 60 ಅಡಿ ಅಷ್ಟೇ. ಎತ್ತರ ನೋಡೋಕೆ ಹೋದವರಿಗೆ ನಿರಾಸೆ ಆಗುತ್ತೆ. ಇಲ್ಲಿ ನೋಡಬೇಕಾದದ್ದು ಕೊರಕಲನ್ನು: ಎರಡೂ ಕಡೆ 200 ಅಡಿ ಕಲ್ಲಿನ ಗೋಡೆ, ನಡುವೆ ಹೊಳೆ, ಹೊಳೆಯ ಪಕ್ಕದಲ್ಲೇ ನಮ್ಮ ದಾರಿ. ಎರಡು ಕಡೆ ನೀರು ಬೀಳೋದರ ಹಿಂದೆಯೇ ನಡೆದು ಹೋಗ್ತೀವಿ.

ಈಗ ವಾಟ್ಕಿನ್ಸ್ ಗ್ಲೆನ್ ವಿವರ. ಗಾರ್ಜ್ ಟ್ರೇಲ್, ಅಂದ್ರೆ ಕೊರಕಲಿನೊಳಗಿನ ಕಾಲುದಾರಿ, ಒಂದು ಕಡೆಗೆ ಒಂದೂವರೆ ಮೈಲಿ, 800ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲು, ದಾರಿಯಲ್ಲಿ 19 ಜಲಪಾತ. ಕೆಳಗಿನ ಮುಖ್ಯ ದ್ವಾರ ಊರಿನ ಮಧ್ಯೆ ಫ್ರಾಂಕ್ಲಿನ್ ಸ್ಟ್ರೀಟ್‌ನಲ್ಲೇ ಇದೆ. ಅಲ್ಲಿಂದ ಹೊರಟರೆ ಸಿಗೋ ಕ್ರಮ ಹೀಗೆ: ಕಲ್ಲಿನಲ್ಲಿ ಕೊರೆದ ಸುರಂಗ, ಸೆಂಟ್ರಿ ಬ್ರಿಡ್ಜ್, ಆಮೇಲೆ ಕ್ಯಾವರ್ನ್ ಕ್ಯಾಸ್ಕೇಡ್ (ನೀರಿನ ಹಿಂದೆ ನಡೆಯೋ ಮೊದಲನೇ ಜಾಗ), ತಿರುಚಿಕೊಂಡು ಮೇಲೇರುವ ಸ್ಪೈರಲ್ ಟನಲ್, ಕಿರಿದಾದ ಭಾಗ, ಸೆಂಟ್ರಲ್ ಕ್ಯಾಸ್ಕೇಡ್, ಆಮೇಲೆ ರೇನ್‌ಬೋ ಫಾಲ್ಸ್ (ಎರಡನೇ ಜಾಗ, ಎಲ್ಲರೂ ಫೋಟೋ ತೆಗೆಯೋದು ಇಲ್ಲೇ), ಕೊನೆಗೆ ಮೈಲ್ ಪಾಯಿಂಟ್ ಬ್ರಿಡ್ಜ್. ಅಲ್ಲಿಂದ ಮುಂದೆ ನೋಡೋಕೆ ಹೆಚ್ಚೇನೂ ಇಲ್ಲ. ಮೇಲಿನ ದ್ವಾರಕ್ಕೆ ಹತ್ತಿಸೋ ಜೇಕಬ್ಸ್ ಲ್ಯಾಡರ್ ಅಂತ 180 ಮೆಟ್ಟಿಲು ಒಟ್ಟಿಗೆ ಬರುತ್ತೆ. ಕೆಳಗಿಂದ ಬಂದವರು ಮೈಲ್ ಪಾಯಿಂಟ್ ಬ್ರಿಡ್ಜ್‌ನಲ್ಲೇ ತಿರುಗಿ, ಮೇಲಂಚಿನಲ್ಲಿ ಕಾಡಿನ ನೆರಳಲ್ಲಿ ಸಾಗುವ ಇಂಡಿಯನ್ ಟ್ರೇಲ್ ಹಿಡಿದು ವಾಪಸ್ ಬರೋದು ಒಳ್ಳೇದು. ಅದರಲ್ಲಿ ಮೆಟ್ಟಿಲು ಬಹಳ ಕಡಿಮೆ, ಹೆಚ್ಚಾಗಿ ಮಣ್ಣಿನ ದಾರಿ. ಮಗು ಜೊತೆಗಿದ್ದರೆ ಹೋಗಿ ಬರೋಕೆ ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಗಮನಿಸಬೇಕಾದವು ಕೆಲವು. ಕೊರಕಲಿನೊಳಗೆ ಶೌಚಾಲಯ ಇಲ್ಲ, ಮುಖ್ಯ ದ್ವಾರದಲ್ಲೇ ಮುಗಿಸಿಕೊಂಡು ಹೊರಡಿ. ಸ್ಟ್ರೋಲರ್ ತಳ್ಳೋಕೆ ಆಗಲ್ಲ. ಬೆನ್ನಿಗೆ ಹಾಕೋ ಕ್ಯಾರಿಯರ್ ಇದ್ದರೆ ತನ್ನಿ, ನಾಲ್ಕು ವರ್ಷದ ಮಗು ಅರ್ಧ ದಾರಿಗೆ ಎತ್ತಿಕೋ ಅನ್ನುತ್ತೆ. ನಡೆಯುವಾಗ ಮಗು ಬಂಡೆ ಕಡೆ ಇರಲಿ, ದೊಡ್ಡವರು ಹೊಳೆ ಕಡೆ. ಅಂಚಿನ ಕಲ್ಲುಗೋಡೆ ಹಲವೆಡೆ ತಗ್ಗಾಗಿದೆ, ಮಗು ಹತ್ತಿ ಬಗ್ಗಿ ನೋಡೋ ಎತ್ತರ. ನಾಯಿಗಳಿಗೆ ಗಾರ್ಜ್ ಟ್ರೇಲ್‌ನಲ್ಲಿ ಪ್ರವೇಶ ಇಲ್ಲ, ಹೊಳೆಗೆ ಇಳಿಯೋದಕ್ಕೂ ನಿಷೇಧ ಇದೆ.

ವಾಹನಕ್ಕೆ ಸುಮಾರು 10 ಡಾಲರ್ ಶುಲ್ಕ. ವರ್ಷದ ಎಂಪೈರ್ ಪಾಸ್ 80 ಡಾಲರ್, ಎರಡು ಮೂರು ಪಾರ್ಕಿಗೆ ಅದು ಗಿಟ್ಟೋದಿಲ್ಲ. ಬೇಸಿಗೆ ಶನಿವಾರ ಹತ್ತೂವರೆ ಹೊತ್ತಿಗೆ ಮುಖ್ಯ ದ್ವಾರದ ಲಾಟ್ ತುಂಬಿರುತ್ತೆ. ಎಂಟಕ್ಕೆ ಅಲ್ಲಿದ್ದರೆ ಜಾಗವೂ ಸಿಗುತ್ತೆ, ಕ್ಯಾವರ್ನ್ ಕ್ಯಾಸ್ಕೇಡ್ ಹಿಂದೆ ನೂಕುನುಗ್ಗಲಿಲ್ಲದೆ ನಿಂತು ನೋಡಬಹುದು. ಹತ್ತರ ಮೇಲೆ ಆ ಕಿರಿದಾದ ಜಾಗದಲ್ಲಿ ಹೋಗೋರು, ಬರೋರು ಒಬ್ಬರಿಗೊಬ್ಬರು ಸಿಕ್ಕಿಹಾಕಿಕೊಳ್ತಾರೆ.

ಮೇಲಿಂದ ಇಳಿಯೋದು ಸುಲಭವಾ ಅಂತ ಕೇಳಿದಿರಿ. ಉಸಿರಿಗೆ ಸುಲಭ. ಏದುಸಿರು ಬರೋರಿಗೆ, ಹೃದಯದ ತೊಂದರೆ ಇರೋರಿಗೆ ನಾನೂ ಅದನ್ನೇ ಹೇಳ್ತೀನಿ.

---

ಸಾಧನಕೇರಿ

ಮ್ಯಾಲಿನವರ ಕಡೀ ಮಾತಿಗೆ ಒಂದು ಸೇರಸ್ಬೇಕು ನೋಡ್ರಿ. ಮಂಡಿ ಸವೆದವರಿಗೆ ಹತ್ತೋದಕ್ಕಿಂತ ಇಳಿಯೋದು ಭಾಳ ತ್ರಾಸ. ಹತ್ತುವಾಗ ತೊಡಿ ಸ್ನಾಯು ಮೈ ಎತ್ತತದ. ಇಳಿಯುವಾಗ ಅದ ಸ್ನಾಯು ಮೈಭಾರ ಹಿಡದ ಹಿಡದ ಬಿಡಬೇಕು, ಆ ಒತ್ತಡ ಎಲ್ಲಾ ಮಂಡಿ ಚಿಪ್ಪಿನ ಮ್ಯಾಲ ಬೀಳತದ. ಅದರಾಗ ಹಸೀ ಕಲ್ಲು. ಹತ್ತುವಾಗ ಕಾಲು ಜಾರಿದ್ರ ಮುಂದಿನ ಮೆಟ್ಟಿಲಿಗೆ ಕೈ ಊರಬಹುದು, ಇಳಿಯುವಾಗ ಜಾರಿದ್ರ ಹಿಂದಕ್ಕ ಬೀಳೋದೇ. ನಿಮ್ಮ ತಾಯಿಯವರಿಗೆ ಮ್ಯಾಲಿನ ಗೇಟ್ ಬ್ಯಾಡ್ರಿ. 800 ಮೆಟ್ಟಿಲು ಇಳಿದ ಮ್ಯಾಲ ಉಳಿದ ದಿನ ಪೂರಾ ಖೋಲ್ಯಾಗ ಮಲಗಬೇಕಾಗತದ.

ಹಂಗಂತ ಅವರನ್ನ ಪೂರ್ತಿ ಬಿಟ್ಟು ಹೋಗಬ್ಯಾಡ್ರಿ. ಮುಖ್ಯ ದ್ವಾರದಿಂದ ಸೆಂಟ್ರಿ ಬ್ರಿಡ್ಜ್ ತನಕ, ಕಾಲು ಮಾತು ಕೇಳಿದ್ರ ಕ್ಯಾವರ್ನ್ ಕ್ಯಾಸ್ಕೇಡ್ ತನಕ ಸಾವಕಾಶ ಹತ್ತಿಸ್ರಿ. ನೀರಿನ ಹಿಂದ ನಡಿಯೋ ಅನುಭವ ಅಲ್ಲೇ ಸಿಗತದ, ಪೂರಾ ದಾರಿ ನಡೀಬೇಕಂತಿಲ್ಲ. ಅಲ್ಲಿಂದ ನಿಮ್ಮ ಮನಿಯವರು ಅಥವಾ ನೀವು, ಒಬ್ಬರು ಅವರ ಜೊತಿ ವಾಪಸ್ ಬರ್ರಿ. ಹತ್ತುವಾಗ ಚಲೋ ಕಾಲು ಮೊದಲ, ಇಳಿಯುವಾಗ ನೋವಿನ ಕಾಲು ಮೊದಲ. ಎಡಮಂಡಿ ನೋವು ಅಂದ್ರಿ, ಕೋಲು ಬಲಗೈಯಾಗ ಇರಬೇಕು. ಕೋಲಿನ ತುದಿಗೆ ರಬ್ಬರ್ ಬುಡ್ಡಿ ಇರಲಿ. ಚಾರಣದ ಕೋಲಿನ ಕಬ್ಬಿಣದ ಮೊನೆ ಹಸೀ ಕಲ್ಲಿನ ಮ್ಯಾಲ ಸರಕ್ಕನ ಜಾರತದ.

ಉಳಿದವರು ವಾಪಸ್ ಬರೋ ತನಕ ತಾಯಿಯವರು ಫ್ರಾಂಕ್ಲಿನ್ ಸ್ಟ್ರೀಟ್ ಗುಂಟ ಸೆನೆಕಾ ಸರೋವರದ ದಂಡಿಗೆ ಹೋಗಬಹುದು. ಸಪಾಟ ದಾರಿ, ಅರ್ಧ ಮೈಲಿ. ನೀರಿನ ಮ್ಯಾಲ ಚಾಚಿಕೊಂಡ ಕಟ್ಟಿಗಿ ಕಟ್ಟೆ ಅದ, ಕೂಡಲಿಕ್ಕೆ ಬೆಂಚ್ ಅವ.

---

ಜೆನೆಸೀ_ಬದಿ

ವಾಟ್ಕಿನ್ಸ್ ಗ್ಲೆನ್ ಬಗ್ಗೆ ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ನಿಮ್ಮ ಮುಖ್ಯ ಪ್ರಶ್ನೆ, ಅಮ್ಮನೂ ನಿಜವಾಗಿ ನೋಡೋಕೆ ಆಗೋ ಪಾರ್ಕ್ ಯಾವುದು ಅನ್ನೋದು. ಅದಕ್ಕೆ ಉತ್ತರ ಟಗ್ಯಾನಕ್ ಮತ್ತು ಲೆಚ್‌ವರ್ತ್.

ಟಗ್ಯಾನಕ್ ಇಥಾಕಾದಿಂದ ಉತ್ತರಕ್ಕೆ ರೂಟ್ 89ರಲ್ಲಿ ಎಂಟು ಹತ್ತು ಮೈಲಿ. ಅಲ್ಲಿನ ಗಾರ್ಜ್ ಟ್ರೇಲ್ ಹೆಸರಿಗೆ ವಾಟ್ಕಿನ್ಸ್‌ನದೇ, ಸ್ವಭಾವ ಪೂರ್ತಿ ಬೇರೆ: ಅಗಲವಾದ, ಹೆಚ್ಚುಕಡಿಮೆ ಸಮತಟ್ಟಾದ ದಾರಿ, ಒಂದು ಕಡೆಗೆ ಮುಕ್ಕಾಲು ಮೈಲಿ. ಕೊನೆಗೆ ಜಲಪಾತದ ಎದುರಿಗೇ ಹೋಗಿ ನಿಲ್ಲುತ್ತೆ. 215 ಅಡಿ ಒಂದೇ ಧುಮುಕು, ನಯಾಗರಾಗಿಂತ ಸುಮಾರು 33 ಅಡಿ ಎತ್ತರ. ನಿಮ್ಮ ಅಮ್ಮನ ಒಂದೂವರೆ ಮೈಲಿ ಲೆಕ್ಕಕ್ಕೆ ಹೋಗಿಬರುವ ದೂರ ಸರಿಯಾಗಿ ಹೊಂದುತ್ತೆ. ಅದೂ ಬೇಡ ಅಂದರೆ ಟಗ್ಯಾನಕ್ ಪಾರ್ಕ್ ರೋಡ್‌ನಲ್ಲಿ ಮೇಲಕ್ಕೆ ಹೋದರೆ ಓವರ್‌ಲುಕ್ ಇದೆ. ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿದರೆ ಜಲಪಾತ ಇಡಿಯಾಗಿ ಎದುರಿಗೆ. ಎರಡನ್ನೂ ನೋಡಿ. ಮೇಲಿಂದ ನೋಡಿದರೆ ಆಕಾರ ತಿಳಿಯುತ್ತೆ, ಕೆಳಗಿಂದ ನೋಡಿದರೆ ಎತ್ತರ ತಿಳಿಯುತ್ತೆ.

ಕೆಳಗಿನ ದಾರಿಯಲ್ಲಿ ಒಂದು ಎಚ್ಚರಿಕೆ. ಬೇಲಿ ದಾಟಿ ಬಂಡೆ ಬುಡಕ್ಕೆ ಫೋಟೋಗೆ ಹೋಗೋರನ್ನು ನೋಡ್ತೀರಿ, ನೀವು ಹೋಗಬೇಡಿ. ಇಲ್ಲಿನ ಕಲ್ಲು ಶೇಲ್, ಪದರ ಪದರವಾಗಿ ಬಿಡೋ ಜಾತಿ. ಚಳಿಗಾಲದಲ್ಲಿ ಸಂದಿಯೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತೆ, ಕರಗಿದಾಗ ಪದರ ಸಡಿಲವಾಗುತ್ತೆ, ಆಮೇಲೆ ಯಾವತ್ತಾದರೂ ಕಳಚಿ ಬೀಳುತ್ತೆ. ವಾಟ್ಕಿನ್ಸ್ ಗ್ಲೆನ್‌ನ ಗಾರ್ಜ್ ಟ್ರೇಲ್ ಚಳಿಗಾಲ ಪೂರ್ತಿ ಮುಚ್ಚಿದ್ದು ಮೇ ಮಧ್ಯದ ಹೊತ್ತಿಗೆ ತೆರೆಯೋದು ಇದೇ ಕಾರಣಕ್ಕೆ. ಸಿಬ್ಬಂದಿ ಬಂಡೆ ಮೇಲಿನ ಸಡಿಲ ಕಲ್ಲನ್ನೆಲ್ಲ ಕೆಡವಿ, ದಾರಿ ಸರಿಮಾಡಿದ ಮೇಲೇ ಜನರನ್ನು ಬಿಡ್ತಾರೆ.

ಇನ್ನು ಲೆಚ್‌ವರ್ತ್. ಜೆನೆಸೀ ನದಿಯ ಕಣಿವೆಯ ಉದ್ದಕ್ಕೆ 17 ಮೈಲಿ ಪಾರ್ಕ್, 14,000 ಎಕರೆಗೂ ಹೆಚ್ಚು. ವಿಲಿಯಂ ಪ್ರಯರ್ ಲೆಚ್‌ವರ್ತ್ ಅನ್ನುವ ಉದ್ಯಮಿ ತನ್ನ ಎಸ್ಟೇಟನ್ನು, ಸಾವಿರ ಎಕರೆ, 1906ರಲ್ಲಿ ರಾಜ್ಯಕ್ಕೆ ದಾನ ಬರೆದುಕೊಟ್ಟ. ಅವನ ಮನೆಯೇ ಈಗಿನ ಗ್ಲೆನ್ ಐರಿಸ್ ಇನ್. ಮಿಡಲ್ ಫಾಲ್ಸ್, 107 ಅಡಿ, ಆ ಮನೆಯ ಹುಲ್ಲುಹಾಸಿನಿಂದಲೇ ಕಾಣುತ್ತೆ. ಮಂಡಿ ನೋವಿರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಪ್ರಾಂತ್ಯದಲ್ಲಿಲ್ಲ: ಕಾರಿಳಿದು ಸ್ವಲ್ಪ ನಡೆದರೆ ನೀರಿನ ತುಂತುರು ಮುಖಕ್ಕೆ ಬೀಳುತ್ತೆ. ಪಾರ್ಕ್ ರೋಡ್‌ನಲ್ಲಿ ಮುಂದೆ ಹೋಗ್ತಾ ಇನ್‌ಸ್ಪಿರೇಷನ್ ಪಾಯಿಂಟ್, ಗ್ರೇಟ್ ಬೆಂಡ್ ಎರಡೂ ರಸ್ತೆ ಪಕ್ಕದ ನೋಟಗಳೇ. ಇನ್‌ಸ್ಪಿರೇಷನ್ ಪಾಯಿಂಟ್‌ನಲ್ಲಿ ಅಪ್ಪರ್ ಮತ್ತು ಮಿಡಲ್ ಎರಡೂ ಜಲಪಾತ, ಹಿಂದೆ ರೈಲು ಸೇತುವೆ, ಎಲ್ಲ ಒಂದೇ ಚೌಕಟ್ಟಿನಲ್ಲಿ ಬರುತ್ತೆ. ಅಪ್ಪರ್ ಫಾಲ್ಸ್ ನೆತ್ತಿಯ ಮೇಲಿರುವ ಆ ಉಕ್ಕಿನ ಕಮಾನು 2017ರ ಡಿಸೆಂಬರ್‌ನಲ್ಲಿ ಓಡಾಟಕ್ಕೆ ತೆರೆದದ್ದು. ಅದಕ್ಕೆ ಮುಂಚೆ ಅಲ್ಲಿದ್ದದ್ದು 1875ರ ಕಬ್ಬಿಣದ ಸೇತುವೆ. ಗೂಡ್ಸ್ ರೈಲು ಹಾದು ಹೋದರೆ ಮಗುವಿಗೆ ಜಲಪಾತಕ್ಕಿಂತ ಅದೇ ಖುಷಿ.

ಲೋಯರ್ ಫಾಲ್ಸ್ ಮಾತ್ರ ಅಮ್ಮನಿಗೆ ಬೇಡ, 127 ಮೆಟ್ಟಿಲು ಇಳಿದು ಅಷ್ಟೇ ಹತ್ತಬೇಕು. ಅಪ್ಪ ಹೋಗಬಹುದು, ಕೆಳಗಿನ ಕಲ್ಲಿನ ಕಾಲುಸೇತುವೆ ತುಂಬಾ ಚೆನ್ನಾಗಿದೆ.

ಲೆಚ್‌ವರ್ತ್‌ನಲ್ಲಿ ಜನ ತಪ್ಪುವುದು ದಾರಿಯಲ್ಲಿ. ಮ್ಯಾಪಿನಲ್ಲಿ ಬರೀ ಲೆಚ್‌ವರ್ತ್ ಸ್ಟೇಟ್ ಪಾರ್ಕ್ ಅಂತ ಹಾಕಿದರೆ ಉತ್ತರದ ಮೌಂಟ್ ಮಾರಿಸ್ ದ್ವಾರಕ್ಕೋ ನದಿಯ ಪೂರ್ವ ದಂಡೆಗೋ ಕರೆದೊಯ್ಯಬಹುದು. ಜಲಪಾತಗಳೆಲ್ಲ ಇರುವುದು ದಕ್ಷಿಣ ತುದಿಯಲ್ಲಿ, ರಸ್ತೆ ಪಶ್ಚಿಮ ದಂಡೆಯಲ್ಲಿ. ಪಾರ್ಕಿನೊಳಗೆ ಕಾರು ನದಿ ದಾಟುವ ಸೇತುವೆ ಇಲ್ಲ. ಪೂರ್ವ ದಂಡೆಗೆ ಹೋದರೆ ಹೊರಗೆ ಬಂದು ಸುತ್ತುಹಾಕಬೇಕು. ಅದಕ್ಕೇ ಗ್ಲೆನ್ ಐರಿಸ್ ಇನ್ ಅಂತಲೇ ಹಾಕಿ. ಫೋನ್ ಸಿಗ್ನಲ್ ಕಣಿವೆಯೊಳಗೆ ಕೈಕೊಡುತ್ತೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ತೊಂದರೆ ಒಂದೇ, ದೂರ. ವಾಟ್ಕಿನ್ಸ್ ಗ್ಲೆನ್‌ನಿಂದ ಒಂದೂವರೆ ಗಂಟೆ, ಅಲ್ಲಿಂದ ಎಡಿಸನ್‌ಗೆ ನಿಲ್ಲದೆ ಓಡಿಸಿದರೂ ಐದು ಗಂಟೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ಅಲ್ಲಿಂದ ಹೊರಡೋ ಶಿಸ್ತು ಇದ್ದರೆ ಮಾತ್ರ ಇಟ್ಟುಕೊಳ್ಳಿ.

---

ರಾರಿಟನ್_ದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ನಯಾಗರಾ ಬಿಟ್ಟೆ. ಇನ್ನು ನಾಲ್ಕು ಪ್ರಶ್ನೆ ಉಳಿದಿವೆ. ಜೂನ್ ಕೊನೆಗೆ ನೀರು ಇರುತ್ತಾ? ಮಳೆ ಬಂದ್ರೆ ಏನು ಮಾಡೋದು? ಅಪ್ಪ, ಅಮ್ಮ ಹೊರಗಡೆ ತಿನ್ನೋದು ಕಡಿಮೆ, ಊಟ ಕಟ್ಟಿಕೊಂಡು ಹೋದರೆ ಅಲ್ಲಿ ಕೂತು ತಿನ್ನೋಕೆ ಬಿಡ್ತಾರಾ? ಆ ಕಡೆ ಟಿಕ್ ಕಾಟ ಅಂತಲೂ ಕೇಳಿದೀನಿ, ಎಷ್ಟು ನಿಜ?

---

ಕಟ್ಟುಬುತ್ತಿ

ಊಟ ಮತ್ತು ಟಿಕ್ ಎರಡಕ್ಕೆ ನಾನು ಹೇಳ್ತೀನಿ, ನೀರಿನ ವಿಷಯ ಬಲ್ಲವರು ಹೇಳಲಿ.

ಮೂರೂ ಪಾರ್ಕ್‌ಗಳಲ್ಲಿ ಪಿಕ್ನಿಕ್ ಮೇಜುಗಳಿವೆ, ಧಾರಾಳವಾಗಿ ಕೂತು ಊಟ ಮಾಡಿ. ಟಗ್ಯಾನಕ್‌ನಲ್ಲಿ ರಸ್ತೆಯ ಆಚೆ ಕಯುಗಾ ಸರೋವರದ ದಂಡೆಯಲ್ಲೇ ಮೇಜುಗಳಿವೆ, ಮಕ್ಕಳ ಆಟದ ಜಾಗವೂ ಹತ್ತಿರದಲ್ಲೇ ಇದೆ. ಊಟಕ್ಕೆ ಅದು ಅತ್ಯುತ್ತಮ.

ಮೊದಲ ದಿನಕ್ಕೆ ಪುಳಿಯೋಗರೆ, ಚಪಾತಿ, ಎಣ್ಣೆಯಲ್ಲಿ ಬಾಡಿಸಿದ ಒಣಪಲ್ಯ. ಹುಣಸೆ ಹುಳಿ ಇರೋದರಿಂದ ಪುಳಿಯೋಗರೆ ಬೇಗ ಕೆಡಲ್ಲ. ಚಿತ್ರಾನ್ನಕ್ಕೆ ಹಸಿ ತೆಂಗಿನಕಾಯಿ ತುರಿ ಹಾಕಬೇಡಿ, ಜೂನ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಮೊದಲು ಹಳಸೋದು ಅದೇ. ಮೊಸರನ್ನಕ್ಕೆ ಅನ್ನವನ್ನು ಮೆತ್ತಗೆ ಮಾಡಿ, ಪೂರ್ತಿ ಆರಿಸಿ, ಮುಕ್ಕಾಲು ಪಾಲು ಕಾಯಿಸಿ ಆರಿಸಿದ ಹಾಲು, ಕಾಲು ಪಾಲಿಗಿಂತ ಕಡಿಮೆ ಮೊಸರು ಹಾಕಿ ಕಲಸಿ. ಒಗ್ಗರಣೆಯನ್ನೂ ಆರಿಸಿಯೇ ಸೇರಿಸಿ. ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ನೇರವಾಗಿ ಐಸ್ ಇರುವ ಕೂಲರ್‌ಗೆ ಹಾಕಿದರೆ ಮಧ್ಯಾಹ್ನಕ್ಕೂ ಹುಳಿ ಬರಲ್ಲ. ಬರೀ ಅನ್ನವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಬೆಂದ ಅನ್ನದಲ್ಲಿ ಉಳಿದುಕೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯಾ ವಾಂತಿ, ಭೇದಿ ತರಿಸುತ್ತೆ. ಆಮೇಲೆ ಮತ್ತೆ ಬಿಸಿ ಮಾಡಿದರೂ ಅದರ ವಿಷ ಹೋಗಲ್ಲ. ಕೂಲರ್‌ನಲ್ಲಿ ಐಸ್ ಪ್ಯಾಕ್ ತಳಕ್ಕೂ ಇರಲಿ, ಮೇಲಕ್ಕೂ ಇರಲಿ. ಕುಡಿಯುವ ನೀರಿಗೆ ಬೇರೆ ಚೀಲ ಮಾಡಿ, ಪದೇ ಪದೇ ಕೂಲರ್ ಮುಚ್ಚಳ ತೆಗೆದರೆ ತಂಪೆಲ್ಲ ಹೋಗಿಬಿಡುತ್ತೆ. ಎರಡನೇ ದಿನಕ್ಕೆ ಬೇಕಾದ ಹಾಲು, ಮೊಸರು, ಹಣ್ಣು ವಾಟ್ಕಿನ್ಸ್ ಗ್ಲೆನ್ ಊರಲ್ಲೇ ಸಿಗುತ್ತೆ. ದಿನಸಿಗೆ ಹೆಚ್ಚು ಆಯ್ಕೆ ಬೇಕಿದ್ದರೆ ಇಥಾಕಾ.

ಟಿಕ್ ಅಂದರೆ ನಮ್ಮ ಉಣುಗು. ಮಲೆನಾಡಲ್ಲಿ ಮಂಗನ ಕಾಯಿಲೆ ಹರಡೋ ಉಣುಗು ಬೇರೆ, ಇಲ್ಲಿ ಲೈಮ್ ಕಾಯಿಲೆ ಹರಡೋ ಡೀರ್ ಟಿಕ್ ಬೇರೆ ಜಾತಿ. ಅಪ್ಪ, ಅಮ್ಮನಿಗೆ ಹಾಗೆ ಹೇಳಿದರೆ ತಕ್ಷಣ ಅರ್ಥ ಆಗುತ್ತೆ, ಅವರೇ ಹುಷಾರಾಗಿರ್ತಾರೆ. ಜೂನ್ ಅಂದರೆ ಮರಿ ಉಣುಗಿನ ಕಾಲ, ಗಸಗಸೆ ಕಾಳಿನಷ್ಟೇ ಗಾತ್ರ, ಕಣ್ಣಿಗೆ ಬೀಳೋದು ಕಷ್ಟ. ಕಲ್ಲು ಹಾಸಿದ ಗಾರ್ಜ್ ಟ್ರೇಲ್‌ನಲ್ಲಿ ಭಯ ಕಡಿಮೆ. ಇಂಡಿಯನ್ ಟ್ರೇಲ್‌ನಂಥ ಕಾಡುದಾರಿಯ ಅಂಚಿನ ಹುಲ್ಲು, ಪಿಕ್ನಿಕ್ ಜಾಗದ ಪೊದೆ, ಬಿದ್ದ ಎಲೆರಾಶಿ, ಇವೇ ಅದರ ತಾಣ. ಉದ್ದ ಪ್ಯಾಂಟ್ ಹಾಕಿ ಕಾಲುಚೀಲದೊಳಗೆ ಸೇರಿಸಿ. ಡೀಟ್ (ಕೀಟಗಳನ್ನು ದೂರ ಇಡುವ ರಾಸಾಯನಿಕ) 20ರಿಂದ 30 ಶೇಕಡಾ ಇರುವ ಸ್ಪ್ರೇ ಬಳಸಿ. ಮಗುವಿಗೆ ನೇರ ಹೊಡೆಯದೆ ನಿಮ್ಮ ಕೈಗೆ ಹಾಕಿಕೊಂಡು ಸವರಿ, ಅದರ ಅಂಗೈಗೆ ಹಚ್ಚಬೇಡಿ. ರಾತ್ರಿ ಸ್ನಾನದ ಹೊತ್ತಿಗೆ ಮಂಡಿ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಕಿವಿ ಹಿಂದೆ, ಕೂದಲ ಬುಡ ನೋಡಿ. ಕಚ್ಚಿದ್ದರೆ ಚೂಪು ತುದಿಯ ಚಿಮುಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. 24 ಗಂಟೆಯೊಳಗೆ ತೆಗೆದರೆ ಲೈಮ್ ಬರುವ ಸಾಧ್ಯತೆ ಬಹಳ ಕಡಿಮೆ.

ಅಮ್ಮ ಸೀರೆಯಲ್ಲೇ ಬರ್ತೀನಿ ಅಂದರೆ ವಾಟ್ಕಿನ್ಸ್ ದಿನ ಒಂದು ಚೂಡಿದಾರಕ್ಕೆ ಒಪ್ಪಿಸಿ. ಒದ್ದೆಯಾದ ಸೀರೆ ಅಂಚು ಮೆಟ್ಟಿಲು ಹತ್ತುವಾಗ ಕಾಲಿಗೆ ಸಿಕ್ಕುತ್ತೆ. ಚಪ್ಪಲಿ ಯಾರಿಗೂ ಬೇಡ, ಗಟ್ಟಿ ರಬ್ಬರ್ ಅಟ್ಟೆಯ, ಹಿಮ್ಮಡಿ ಹಿಡಿಯೋ ಶೂ ಬೇಕು. ಕೊರಕಲಿನೊಳಗೆ ಹೊರಗಡೆಗಿಂತ ತಂಪಿರುತ್ತೆ, ಮೇಲಿಂದ ಹನಿ ತೊಟ್ಟಿಕ್ಕುತ್ತಿರುತ್ತೆ. ತೆಳ್ಳಗಿನ ರೇನ್ ಜಾಕೆಟ್ ಸಾಕು. ಛತ್ರಿ ತರಬೇಡಿ, ಆ ಕಿರಿದಾದ ದಾರಿಯಲ್ಲಿ ಎದುರಿಗೆ ಬರೋರ ಕಣ್ಣಿಗೆ ತಾಗುತ್ತೆ.

---

ಗ್ಲೆನ್_ಕ್ರೀಕ್

ನೀರಿನ ವಿಷಯ. ಇಲ್ಲಿನ ಹೊಳೆಗಳಿಗೆ ಹಿಮ ಕರಗುವ ಮಾರ್ಚ್, ಏಪ್ರಿಲ್‌ನಲ್ಲಿ ಅತಿ ಹೆಚ್ಚು ನೀರು. ಆಗಸ್ಟ್ ಹೊತ್ತಿಗೆ ಟಗ್ಯಾನಕ್ ಕೆಲವು ವರ್ಷ ಬಂಡೆ ಮೇಲೆ ಜಾರುವ ಎಳೆಯಷ್ಟೇ ಉಳಿಯುತ್ತೆ. ಜೂನ್ ಕೊನೆ ನಡುವಿನ ಕಾಲ, ಹಿಂದಿನ ನಾಲ್ಕೈದು ದಿನದ ಮಳೆ ನೋಡಿದರೆ ಅಂದಾಜು ಸಿಗುತ್ತೆ. ಲೆಚ್‌ವರ್ತ್‌ಗೆ ಇನ್ನೂ ಖಚಿತ ದಾರಿ ಇದೆ: ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್, ಪೋರ್ಟೇಜ್‌ವಿಲ್‌ನಲ್ಲಿ ಜೆನೆಸೀ ನದಿಗೆ ಮಾಪಕ ಇಟ್ಟಿದೆ, ಜಲಪಾತಕ್ಕೆ ಸ್ವಲ್ಪವೇ ಮೇಲೆ. ಅದರ ಹರಿವಿನ ಗೆರೆ ಆನ್‌ಲೈನ್‌ನಲ್ಲಿ ಕಾಣುತ್ತೆ. ಗೆರೆ ಏರಿ ಇಳಿಯತೊಡಗಿದ ಮರುದಿನ ನೋಡೋಕೆ ಅತ್ಯುತ್ತಮ. ಜೋರು ಮಳೆಯ ದಿನವೇ ಹೋದರೆ ಜೆನೆಸೀ ಕೆಂಪು ಮಣ್ಣಿನ ಚಹಾ ಬಣ್ಣಕ್ಕೆ ತಿರುಗಿರುತ್ತೆ, ಅದು ಮೇಲಿನ ಹೊಲಗಳ ಮಣ್ಣು, ಗಾಬರಿಯಾಗಬೇಡಿ.

ವಾಟ್ಕಿನ್ಸ್‌ನಲ್ಲಿ ಮಳೆಗೆ ಬೇರೆಯೇ ಅರ್ಥ. ಸಣ್ಣ ಮಳೆ ಅಡ್ಡಿಯಲ್ಲ, ನೋಟಕ್ಕೆ ಚೆನ್ನ, ಜನ ಕಡಿಮೆ. ಗುಡುಗು ಮಳೆ ಬಂದರೆ ಮಾತ್ರ ಒಳಗೆ ಹೋಗಬೇಡಿ. ಗೋಡೆಗಳ ನಡುವೆ ನೀರಿಗೆ ಹರಡಿಕೊಳ್ಳೋಕೆ ಜಾಗ ಇಲ್ಲ, ಮೇಲಕ್ಕೇ ಏರುತ್ತೆ. 1935ರ ಜುಲೈ ಪ್ರವಾಹದಲ್ಲಿ, ಹೊಳೆಯಿಂದ 85 ಅಡಿ ಮೇಲಿರುವ ತೂಗುಸೇತುವೆಗೆ ಐದೇ ಅಡಿ ಕೆಳಗಿನವರೆಗೆ ನೀರು ಬಂದಿತ್ತು. ಈಗಿನ ಕಲ್ಲುದಾರಿ, ಗೋಡೆಗಳ ಬಹುಪಾಲು ಆ ಪ್ರವಾಹದ ನಂತರ ಕಟ್ಟಿದ್ದು. ಜೋರು ಮಳೆಗೆ ಸಿಬ್ಬಂದಿ ಗಾರ್ಜ್ ಟ್ರೇಲ್ ಮುಚ್ಚಿಬಿಡ್ತಾರೆ. ಶನಿವಾರ ಬೆಳಿಗ್ಗೆ ಹೊರಡೋ ಮುಂಚೆ ನ್ಯೂಯಾರ್ಕ್ ಸ್ಟೇಟ್ ಪಾರ್ಕ್ಸ್ ವೆಬ್‌ಸೈಟಿನ ವಾಟ್ಕಿನ್ಸ್ ಪುಟದಲ್ಲಿ ಸೂಚನೆ ನೋಡಿ. ಮುಚ್ಚಿದ್ದರೆ ಅರ್ಧ ಗಂಟೆ ದಕ್ಷಿಣಕ್ಕೆ ಕಾರ್ನಿಂಗ್‌ನ ಗಾಜಿನ ಮ್ಯೂಸಿಯಂ ಇದೆ, 1951ರಿಂದ ನಡೆಯುತ್ತಿದೆ. ಕಾಯಿಸಿದ ಗಾಜನ್ನು ಊದಿ ಪಾತ್ರೆ ಮಾಡೋದನ್ನು ಕಣ್ಣೆದುರೇ ತೋರಿಸ್ತಾರೆ, 17 ವರ್ಷದವರೆಗಿನ ಮಕ್ಕಳಿಗೆ ಪ್ರವೇಶ ಉಚಿತ, ಅಮ್ಮನಿಗೆ ಕೂರೋಕೆ ಜಾಗ ಇದೆ. ಮಧ್ಯಾಹ್ನ ದಾರಿ ತೆರೆದರೆ ವಾಪಸ್ ಬನ್ನಿ.

ನನ್ನ ಪ್ರಕಾರ ನಿಮ್ಮ ಮೂರು ದಿನ ಹೀಗಿರಲಿ. ಶುಕ್ರವಾರ ಆರೂವರೆಗೆ ಹೊರಟು 287, 80, 380, 81 ಹಿಡಿದು ಬಿಂಗ್‌ಹ್ಯಾಮ್‌ಟನ್, ಅಲ್ಲಿಂದ 17ರಲ್ಲಿ ಒವೀಗೋವರೆಗೆ ಹೋಗಿ 96ರಲ್ಲಿ ಇಥಾಕಾ. 380ರಲ್ಲಿ ಪೊಕೊನೋ ಗುಡ್ಡದ ಮೇಲೆ ಬೆಳಿಗ್ಗೆ ಮಂಜು ಕವಿದಿರುತ್ತೆ, ನಿಧಾನ. ಮಧ್ಯಾಹ್ನ ಟಗ್ಯಾನಕ್‌ನ ಸರೋವರದ ದಂಡೆಯಲ್ಲಿ ಊಟ, ಆಮೇಲೆ ಎಲ್ಲರೂ ಒಟ್ಟಿಗೆ ಕೆಳಗಿನ ದಾರಿ, ಸಂಜೆ ಓವರ್‌ಲುಕ್. ಗಂಟೆಗಟ್ಟಲೆ ಕಾರಲ್ಲಿ ಮಡಚಿ ಕೂತ ಮಂಡಿಗೆ ಮೊದಲ ದಿನ ಸಮತಟ್ಟು ದಾರಿಯೇ ಬೇಕು. ರಾತ್ರಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ತಂಗಿ. ಅಲ್ಲಿ ದುಬಾರಿಯಾದರೆ ಸುಮಾರು 16 ಮೈಲಿ ದಕ್ಷಿಣದ ಹಾರ್ಸ್‌ಹೆಡ್ಸ್‌ನಲ್ಲಿ ಕಡಿಮೆಗೆ ಸಿಗುತ್ತೆ. ಬುಕ್ ಮಾಡೋ ಮುಂಚೆ ವಾಟ್ಕಿನ್ಸ್‌ನ ಕಾರ್ ರೇಸ್ ಟ್ರ್ಯಾಕಿನ ಕ್ಯಾಲೆಂಡರ್ ನೋಡಿ. ದೊಡ್ಡ ರೇಸ್ ಇರುವ ವಾರಾಂತ್ಯ ಆ ಪುಟ್ಟ ಊರಲ್ಲಿ ರೂಮೂ ಇರಲ್ಲ, ರಸ್ತೆಯೂ ಖಾಲಿ ಇರಲ್ಲ.

ಶನಿವಾರ ಎಂಟಕ್ಕೆ ಗಾರ್ಜ್ ಟ್ರೇಲ್. ಸಾಧನಕೇರಿಯವರು ಹೇಳಿದ ಹಾಗೆ ಅಮ್ಮ ಕ್ಯಾವರ್ನ್ ಕ್ಯಾಸ್ಕೇಡ್ ತನಕ, ಉಳಿದವರು ಮೈಲ್ ಪಾಯಿಂಟ್ ತನಕ. ಮಧ್ಯಾಹ್ನ ರೂಮಲ್ಲಿ ಮಲಗಿ ಏಳಿ. ಆ ದಿನಕ್ಕೆ ಇನ್ನೊಂದು ಜಲಪಾತ ಸೇರಿಸಬೇಡಿ, ಸಂಜೆ ಸೆನೆಕಾ ದಂಡೆ ಸಾಕು. ಬಟರ್‌ಮಿಲ್ಕ್ ಈ ಸಲ ಬಿಡಿ, ಅದೂ ಮೆಟ್ಟಿಲಿನ ದಾರಿಯೇ.

ಭಾನುವಾರದ ತೀರ್ಮಾನ ಅಮ್ಮನ ಮಂಡಿ ನೋಡಿ ಬೆಳಿಗ್ಗೆಯೇ ಮಾಡಿ. ಊತ ಇಲ್ಲದಿದ್ದರೆ ಏಳಕ್ಕೆ ಹೊರಟು ಲೆಚ್‌ವರ್ತ್, ಮಿಡಲ್ ಫಾಲ್ಸ್ ಮತ್ತು ಇನ್‌ಸ್ಪಿರೇಷನ್ ಪಾಯಿಂಟ್ ಎರಡೇ ನೋಡಿ, ಎರಡು ಗಂಟೆಗೆ ಮನೆ ಕಡೆ. 390 ಹಿಡಿದು ದಕ್ಷಿಣಕ್ಕೆ ಬಂದು 86 ಸೇರಿ. ಊತ ಇದ್ದರೆ ಲೆಚ್‌ವರ್ತ್ ಬೇಡ, ಕಾರ್ನಿಂಗ್ ಮ್ಯೂಸಿಯಂ ನೋಡಿ ಸಂಜೆಯೊಳಗೆ ಮನೆ ಸೇರಿ. ಕತ್ತಲಾದ ಮೇಲೆ ಆ ರಸ್ತೆಗಳಲ್ಲಿ ಜಿಂಕೆ ಅಡ್ಡ ಬರೋದು ಮಾಮೂಲು.

ಮುಂದೆ ನಯಾಗರಾಗೆ ಹೋಗುವಾಗ ಒಂದು ಮಾತು. ಮ್ಯಾಪಿನಲ್ಲಿ ಗೋಟ್ ಐಲ್ಯಾಂಡ್ ಅಂತ ಹಾಕಿ. ಬರೀ ನಯಾಗರಾ ಫಾಲ್ಸ್ ಅಂತ ಹಾಕಿದರೆ ಕೆನಡಾ ಕಡೆಯ ಊರು ತೋರಿಸಿ ರೇನ್‌ಬೋ ಬ್ರಿಡ್ಜ್ ಹತ್ತಿಸಬಹುದು. ವಿಸಿಟರ್ ವೀಸಾದಲ್ಲಿರುವ ಅಪ್ಪ, ಅಮ್ಮನನ್ನು ಕೂರಿಸಿಕೊಂಡು ಆ ಸೇತುವೆ ಸಾಲಿಗೆ ಸೇರಿಕೊಂಡರೆ ಹಿಂದೆ ತಿರುಗೋದು ಸುಲಭ ಇಲ್ಲ. ಗಡಿಗೆ ಹತ್ತಿರದ ಪ್ರದೇಶ ಆದ್ದರಿಂದ ಅವರ ಪಾಸ್‌ಪೋರ್ಟ್ ಮತ್ತು ಐ-94 (ಅಮೆರಿಕಕ್ಕೆ ಬಂದದ್ದರ ದಾಖಲೆ) ಪ್ರತಿ ಈ ಪ್ರವಾಸಕ್ಕೂ ಜೊತೆಗಿರಲಿ.

---

ರಾರಿಟನ್_ದಂಡೆ

ಇದೇ ಪ್ಲಾನ್ ಫಿಕ್ಸ್. ಹಾರ್ಸ್‌ಹೆಡ್ಸ್‌ನಲ್ಲಿ ಕೆಳಗಿನ ಮಹಡಿ ರೂಮ್ ಕೇಳಿ ಬುಕ್ ಮಾಡ್ತೀನಿ, ರಬ್ಬರ್ ತುದಿಯ ಕೋಲು ಇವತ್ತೇ ಆರ್ಡರ್. ಒಂದೇ ಅನುಮಾನ: ಶನಿವಾರ ಅಲ್ಲಿಂದ ಎಂಟಕ್ಕೆ ವಾಟ್ಕಿನ್ಸ್ ಮುಟ್ಟೋಕೆ ಎಷ್ಟು ಗಂಟೆಗೆ ಹೊರಡಬೇಕು?

---

ಗ್ಲೆನ್_ಕ್ರೀಕ್

ಏಳೂಕಾಲು. ರೂಟ್ 14 ನೇರ ಉತ್ತರಕ್ಕೆ ಬಂದು ಊರೊಳಗೆ ಅದೇ ಫ್ರಾಂಕ್ಲಿನ್ ಸ್ಟ್ರೀಟ್ ಆಗುತ್ತೆ, ಪಾರ್ಕಿನ ಮುಖ್ಯ ದ್ವಾರ ಎಡಗಡೆಗೆ.